ಗುರುವಾರದವರು

ಮೊದಲು ಒಳ್ಳೆಯದಾದದ್ದು ಮೊಂಡಣ್ಣನಿಗೆ.

ಸೈನ್ಯದಲ್ಲಿ ನೆಲಬಾಂಬು ತೆಗೆಯುವ ಪಡೆಯಲ್ಲಿದ್ದು, ಬಲಗೈಯನ್ನು ಮೊಣಕೈ ಕೆಳಗಿನಿಂದ ಕಳೆದುಕೊಂಡು ಊರಿಗೆ ಮರಳಿದವನು ಅವನು. ಕೈ ಮೊಂಡಾದ್ದರಿಂದ ಆ ಹೆಸರು ಬಂತೋ ಸ್ವಭಾವ ಮೊಂಡಾದ್ದರಿಂದ ಬಂತೋ ಎಂದು ಕೇಳಿದರೆ, "ಎರಡನ್ನೂ ಒಂದೇ ಹೆಸರಲ್ಲಿ ಮುಗಿಸಿದಾರೆ, ಉಳಿತಾಯ" ಎನ್ನುತ್ತಿದ್ದ. ಕೃತಕ ಕೈಗಾಗಿ ಅವನು ಹತ್ತಿಳಿದ ಕಚೇರಿ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ. ಕೊನೆಗೆ ಆ ಆಸೆಯನ್ನೇ ಬಿಟ್ಟು, ಎಡಗೈಯಲ್ಲಿ ಉಣ್ಣುವುದು, ಬರೆಯುವುದು, ಬೀಡಿ ಹಚ್ಚುವುದು ಎಲ್ಲ ಕಲಿತುಕೊಂಡಿದ್ದ. ಹಾಗಿರುವಾಗ ಒಂದು ಬೆಳಿಗ್ಗೆ ಸೌಟಣ್ಣನ ಕ್ಯಾಂಟೀನಿಗೆ ಬಂದವನು, ಕೋಟಿನ ತೋಳನ್ನು ಮೇಲೆಳೆದು, ಬೆರಳು ಮಡಚಿ ಬಿಚ್ಚುವ ಹೊಚ್ಚಹೊಸ ಕೈಯೊಂದನ್ನು ಮೇಜಿನ ಮೇಲಿಟ್ಟ.

"ನೋಡ್ರಪ್ಪಾ, ಇಷ್ಟು ವರ್ಷ ನನಗೆ ಕೈ ಕೊಡ್ತಾನೇ ಬಂದ ಸರ್ಕಾರ ಈಗ ನಿಜವಾಗ್ಲೂ ಕೈ ಕೊಟ್ಟಿದೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನರ್ಸಮ್ಮ ಆ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ, "ಒಳ್ಳೇ ಮಾಲು" ಎಂದಳು. ಮೇಷ್ಟ್ರು ಮಾತ್ರ ನಗದೆ ಕೇಳಿದರು:

"ಯಾರು ಕೊಡಿಸಿದ್ದು?"

"ಸೈನ್ಯದ ಕ್ಷೇಮ ಕಚೇರಿಗೆ ಹೊಸಬ ಒಬ್ಬ ಬಂದಿದಾನಲ್ಲ ಮೇಷ್ಟ್ರೇ, ಅವನೇ ಮನೆಗೆ ಬಂದು ಅಳತೆ ತಗೊಂಡು ಹೋದ. ಏನು ಮಾತು ಅಂತೀರಿ! ಬೆಣ್ಣೆ, ಬೆಣ್ಣೆ."

ಅಂದಿನಿಂದ ಆ ಅಧಿಕಾರಿಗೆ ಅವರ ನಡುವೆ ಬೆಣ್ಣೆ ಎಂದೇ ಹೆಸರಾಯಿತು.

ಮುಂದಿನ ಗುರುವಾರ ಮೊಂಡಣ್ಣ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸೌಟಣ್ಣ ಅವನ ಮನೆಗೇ ಹೋದ. ಮೊಂಡಣ್ಣ ಬಾಗಿಲಲ್ಲೇ ನಿಂತು, ಹೊಸ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ಒಳಗೆ ಏನೋ ಸಣ್ಣ ಸಣ್ಣ ತಂತಿ ಇವೆಯಂತೆ ಕಣೋ. ಆಗಾಗ ಅವರೇ ಬಿಚ್ಚಿ ಸರಿಮಾಡ್ಬೇಕಂತೆ" ಎಂದ. ಒಳಗೆ ಬಾ ಎನ್ನಲಿಲ್ಲ. ಸೌಟಣ್ಣ ವಾಪಸು ಬಂದು ಸಂಗತಿ ಹೇಳಿದಾಗ ನರ್ಸಮ್ಮ ನಿಟ್ಟುಸಿರುಬಿಟ್ಟು, "ಹಾಗಾದ್ರೆ ಈಗ ಅವನು ನಮಗೆ ಕೈ ಕೊಟ್ಟ" ಎಂದಳು. ಈ ಸಲ ಯಾರೂ ನಗಲಿಲ್ಲ.

ಸೌಟಣ್ಣನ ಕ್ಯಾಂಟೀನು ಇದ್ದದ್ದು ಸೈನ್ಯದ ಭರ್ತಿ ಕಚೇರಿಯ ಎದುರಿಗೆ. ಅವನು ಸೈನ್ಯದಲ್ಲಿ ಒಂದು ಗುಂಡನ್ನೂ ಹಾರಿಸಿದವನಲ್ಲ. ವಯಸ್ಸಿದ್ದಷ್ಟು ಕಾಲ ಅಲ್ಲಿ ಸೌಟು ಹಿಡಿದವನು. ಈಗ ಮಗಳ ಜೊತೆ ಸೇರಿ ಈ ಕ್ಯಾಂಟೀನು ನಡೆಸುತ್ತಿದ್ದ. ಮಗಳು ಗಂಡನನ್ನು ಬಿಟ್ಟು ಬಂದವಳು. ಮಾತು ಕಡಿಮೆ, ಕೆಲಸ ಜಾಸ್ತಿ. ಅವಳ ಒಬ್ಬಳೇ ಮಗಳು ಗುಬ್ಬಿ. ಪ್ರತಿ ಗುರುವಾರ ಎದುರು ಕಚೇರಿಯಲ್ಲಿ ಭರ್ತಿ. ಬೆಳಗಾಗುವ ಮುಂಚೆಯೇ ಹುಡುಗ ಹುಡುಗಿಯರು ಗೋಡೆಗುಂಟ ಸಾಲು ನಿಲ್ಲುತ್ತಿದ್ದರು. ಆ ಸಾಲಿನ ಬಾಲದಲ್ಲಿ, ಒಂದು ರಟ್ಟಿನ ಫಲಕ ಹಿಡಿದು ಈ ನಾಲ್ವರು ನಿಲ್ಲುತ್ತಿದ್ದರು. ಫಲಕದ ಮೇಲೆ, "ಒಳಗೆ ಹೋಗುವ ಮುಂಚೆ ನಮ್ಮನ್ನೂ ಒಂದು ಮಾತು ಕೇಳಿ" ಎಂದು ಮೇಷ್ಟ್ರ ದುಂಡು ಅಕ್ಷರ.

ಘೋಷಣೆಯಿಲ್ಲ, ಕೂಗಾಟವಿಲ್ಲ. ಕೇಳಿದವರಿಗೆ ಕೇಳಿದಷ್ಟು ಹೇಳುವುದು. ಸೈನ್ಯದ ಆಸ್ಪತ್ರೆಯಲ್ಲಿ ತಲೆ ನರೆಯುವವರೆಗೆ ದುಡಿದ ನರ್ಸಮ್ಮ, ಅಲ್ಲಿಯ ವಾಸನೆ ಎಂಥದ್ದು ಎಂದು ಹೇಳುತ್ತಿದ್ದಳು. ಮೊಂಡಣ್ಣ ತೋಳು ತೋರಿಸುತ್ತಿದ್ದ. ಸೌಟಣ್ಣನದು ಅಡುಗೆಮನೆಯ ಮಾತು: "ಬೆಳಿಗ್ಗೆ ಎಲ್ಲಾರ್ಗೂ ಸೇರಿಸಿ ಅಕ್ಕಿ ಇಡ್ತಿದ್ದೆ. ಸಂಜೆಗೆ ಅನ್ನ ಮಿಕ್ಕೋದು. ಯಾರು ಸತ್ರು, ಎಷ್ಟು ಜನ ಅಂತ ಯಾರೂ ನಂಗೆ ಬಂದು ಹೇಳ್ಬೇಕಾಗಿರ್ಲಿಲ್ಲ ಕಣಪ್ಪ. ಪಾತ್ರೆ ಮುಚ್ಚಳ ತೆಗೆದ್ರೆ ಗೊತ್ತಾಗೋದು." ಮೇಷ್ಟ್ರು ಸೈನ್ಯದಲ್ಲಿದ್ದವರಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು. ಅವರ ಮಗ ಹಿಂದಿನ ಯುದ್ಧಕ್ಕೆ ಹೋದವನು ಬರಲಿಲ್ಲ. ಸತ್ತನೆಂದೂ ಹೇಳಲಿಲ್ಲ, ಬದುಕಿದ್ದಾನೆಂದೂ ಹೇಳಲಿಲ್ಲ, 'ಪತ್ತೆಯಿಲ್ಲ' ಎಂದರು. ಅವರು ಮಗನ ವಿಚಾರ ಆಡುತ್ತಿರಲಿಲ್ಲ. ಫಲಕ ಹಿಡಿದು ನಿಲ್ಲುತ್ತಿದ್ದರು, ಅಷ್ಟೇ.

ಮೊದಮೊದಲು ಪೊಲೀಸರು ಇವರನ್ನು ತಳ್ಳಿದ್ದುಂಟು. ಒಂದು ಇಡೀ ಹಗಲು ಠಾಣೆಯಲ್ಲಿ ಕೂರಿಸಿದ್ದೂ ಉಂಟು. ಅದರಿಂದ ಊರಲ್ಲಿ ಇವರ ಪರ ಮಾತಾಡುವವರು ಹೆಚ್ಚಾದರೇ ವಿನಾ ಕಡಿಮೆಯಾಗಲಿಲ್ಲ. ಬೆಣ್ಣೆ ಬಂದಮೇಲೆ ತಳ್ಳುವುದು ನಿಂತುಹೋಯಿತು. ಒಂದು ಗುರುವಾರ ಪೊಲೀಸಿನವನೇ ನರ್ಸಮ್ಮನಿಗೆ ಕುರ್ಚಿ ತಂದು ಹಾಕಿದ. ಅವಳು ಆ ಕುರ್ಚಿಯನ್ನು ಹಾವನ್ನು ನೋಡುವಂತೆ ನೋಡಿದಳು.

ಎರಡನೆಯ ಸರದಿ ಅವಳದೇ ಆಯಿತು. ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಅವಳ ಮನೆ. ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ಅವಳ ತಂಗಿ ಇರುವುದು ಬೇರೆ ಊರಲ್ಲಿ, ನದಿಯ ದಡದಲ್ಲಿ. ಅಲ್ಲಿ, ತಂಗಿಯ ಮನೆಯ ಗೋಡೆಗೆ ಗೋಡೆ ಅಂಟಿದಂತೆ, ಮಾಜಿ ಸೈನಿಕರಿಗೆಂದು ಕಟ್ಟಿದ ಒಂದು ಮನೆ ಖಾಲಿ ಇದೆಯಂತೆ. ಮೆಟ್ಟಿಲೇ ಇಲ್ಲದ ಮನೆ.

ಹೇಳಿ ಹೋಗಲು ಬಂದಾಗ ನರ್ಸಮ್ಮ ಕುಳಿತುಕೊಳ್ಳಲೂ ಇಲ್ಲ. "ಬಯ್ಯೋ ಸೌಟಣ್ಣ, ಬಯ್ದುಬಿಡು" ಎಂದಳು.

"ಯಾಕಮ್ಮ ಬಯ್ಲಿ? ಮಂಡಿ ನಿಂದು."

"ಆ ಬೆಣ್ಣೆ ಏನೂ ಕೇಳ್ಲಿಲ್ಲ ಕಣೋ. ಗುರುವಾರ ನಿಲ್ಬೇಡಿ ಅಂತಾನೂ ಅನ್ಲಿಲ್ಲ. ಬೀಗದ ಕೈ ಕೊಟ್ಟ, 'ಆರೋಗ್ಯ ನೋಡ್ಕೊಳಿ ಅಕ್ಕ' ಅಂದ, ಹೋದ. ಕೇಳಿದ್ರೆ ಮುಖಕ್ಕೆ ಎಸೆಯಬಹುದಿತ್ತು. ಕೇಳದೇ ಇರೋನ ಮುಖಕ್ಕೆ ಏನ್ ಎಸೆಯೋದು?"

ಹೋಗುವಾಗ ಗುಬ್ಬಿಯ ಕೆನ್ನೆ ಸವರಿದಳು. ಗುಬ್ಬಿಗೆ ಗಾಯಕ್ಕೆ ಪಟ್ಟಿ ಕಟ್ಟುವುದನ್ನು, ನಾಡಿ ನೋಡುವುದನ್ನು ಚಿಕ್ಕಂದಿನಿಂದ ಕಲಿಸಿದವಳು ನರ್ಸಮ್ಮನೇ. ಹುಡುಗಿ ಶಾಲೆ ಮುಗಿಸಿ, ನರ್ಸಿಂಗ್ ಓದುತ್ತೇನೆ ಎಂದು ಹಟ ಹಿಡಿದು, ಎಲ್ಲೆಲ್ಲೋ ಅರ್ಜಿ ಹಾಕಿ ಕಾಯುತ್ತಿದ್ದಳು.

ಮೇಷ್ಟ್ರಿಗೆ ಏನು ತಾನೇ ಕೊಟ್ಟಾರು ಎಂದು ಸೌಟಣ್ಣ ಧೈರ್ಯವಾಗಿದ್ದ. ಅವರಿಗೆ ಬೇಕಾದದ್ದು ಈ ಲೋಕದಲ್ಲಿ ಉಳಿದಿರಲಿಲ್ಲ. ಆದರೆ ಬೆಣ್ಣೆ ಹುಡುಕಿ ತಂದ. ಒಂದು ಮಧ್ಯಾಹ್ನ ಮೇಷ್ಟ್ರ ಮನೆಯ ಮುಂದೆ ಕ್ಷೇಮ ಕಚೇರಿಯ ಬಿಳಿ ಕಾರು ನಿಂತಿತು. ಇಬ್ಬರು ಸೈನಿಕರು ಒಂದು ಚಿಕ್ಕ ಮರದ ಪೆಟ್ಟಿಗೆಯನ್ನು ಇಳಿಸಿದರು. ಗಡಿಯಾಚೆಯ ಗುಂಡಿಯೊಂದರಲ್ಲಿ ಸಿಕ್ಕ ಎಲುಬುಗಳು. ಹಲ್ಲು ನೋಡಿ ಗುರುತು ಹಿಡಿದಿದ್ದಾರೆ ಎಂದು ಬೆಣ್ಣೆ ಹೇಳಿದನಂತೆ. ಹೇಳುವಾಗ ಅವನ ಕಣ್ಣೂ ಒದ್ದೆಯಾಗಿತ್ತಂತೆ.

ಮಣ್ಣು ಮಾಡಿ ಬಂದಮೇಲೆ ಮೇಷ್ಟ್ರು ಮನೆಯಿಂದ ಹೊರಬೀಳುವುದನ್ನೇ ಬಿಟ್ಟರು. ಸೌಟಣ್ಣ ದಿನಾ ಊಟ ಒಯ್ದು ಕೊಡುತ್ತಿದ್ದ. ಅವರು ತಿನ್ನುತ್ತಿದ್ದರು, ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಫಲಕ ಗೋಡೆಗೆ ಮುಖ ಮಾಡಿ ನಿಂತಿತ್ತು. ಸೌಟಣ್ಣ ಅದನ್ನು ಕಂಕುಳಲ್ಲಿ ಇರುಕಿಕೊಂಡು ತಂದು, ಗುರುವಾರ ಒಬ್ಬನೇ ನಿಂತ.

ಅಲ್ಲಿಂದ ಅವನಿಗೆ ಶುರುವಾದದ್ದು ಒಳ್ಳೆಯದಾಗುವ ಭಯ.

ಜನ ಕೆಟ್ಟದ್ದಕ್ಕೆ ಹೆದರುತ್ತಾರೆ. ಸೌಟಣ್ಣ ಒಳ್ಳೆಯದು ಕಂಡರೆ ಬೆಚ್ಚಿಬೀಳತೊಡಗಿದ. ಸದಾ ತಡವಾಗಿ ಬರುತ್ತಿದ್ದ ಗ್ಯಾಸ್ ಸಿಲಿಂಡರು ಹೇಳಿದ ದಿನವೇ ಬಂತು; ಅವನು ಅದನ್ನು ಒಲೆಗೆ ಜೋಡಿಸದೆ ಮೂಲೆಯಲ್ಲಿಟ್ಟ. ಕ್ಯಾಂಟೀನಿನ ಮುಂದೆ ವರ್ಷಗಟ್ಟಲೆ ಬಾಯಿ ತೆರೆದುಕೊಂಡಿದ್ದ ಚರಂಡಿಗೆ ಯಾರೋ ಕಲ್ಲು ಚಪ್ಪಡಿ ಹಾಸಿ ಹೋದರು. ಅವನು ಅದರ ಮೇಲೆ ಕಾಲಿಡದೆ ದಾಟಿಕೊಂಡು ಓಡಾಡಿದ. ಒಂದು ದಿನ ಗಿರಾಕಿಯೊಬ್ಬ, "ಚಹಾ ಬಹಳ ಚೆನ್ನಾಗಿದೆ ಅಣ್ಣ" ಎಂದಾಗ, "ಯಾರು ಕಳಿಸಿದ್ದು ನಿನ್ನ?" ಎಂದು ಕೇಳಿಬಿಟ್ಟ. ಆ ಬಡಪಾಯಿ ಅರ್ಧ ಲೋಟ ಬಿಟ್ಟು ಎದ್ದುಹೋದ. "ನಿಂಗೇನು ತಲೆ ಕೆಟ್ಟಿದ್ಯಾ ಅಪ್ಪ?" ಎಂದು ಮಗಳು ಗದರಿದಳು.

ಅಷ್ಟರಲ್ಲಿ ಊರು ಕೂಡ ಸ್ವಲ್ಪಸ್ವಲ್ಪವೇ ಬದಲಾಗತೊಡಗಿತ್ತು. ರೇಡಿಯೋದಲ್ಲಿ ಶಾಂತಿ ಮಾತುಕತೆಯ ಸುದ್ದಿ. ಆದರೆ ಶಾಲೆಯ ಕಿಟಕಿಗಾಜುಗಳಿಗೆ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಕೇಳಿದರೆ, ಗಾಳಿಗೆ ಒಡೆಯದಿರಲಿ ಅಂತ ಎಂಬ ಉತ್ತರ. ಬೇಕರಿಯವನಿಗೆ ಒಣ ಬಿಸ್ಕತ್ತಿನ ದೊಡ್ಡ ಆರ್ಡರು ಬಂದಿತ್ತು. ಯಾರದೆಂದು ಅವನು ಬಾಯಿ ಬಿಡಲಿಲ್ಲ. ಗುರುವಾರದ ಸಾಲು ಗೋಡೆಯ ತಿರುವು ದಾಟಿ ಪಕ್ಕದ ರಸ್ತೆಗೆ ಹೊರಳಿತ್ತು. "ಯುದ್ಧವೇನೂ ಇಲ್ಲ, ಬರೀ ತರಬೇತಿ" ಎಂದು ಕಚೇರಿಯ ಬಾಗಿಲಲ್ಲಿ ಒಬ್ಬ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ.

ಒಂದು ಸಂಜೆ ಸೌಟಣ್ಣ ಪಾತ್ರೆ ಉಜ್ಜುತ್ತಿದ್ದಾಗ ಗುಬ್ಬಿ ಓಡಿಬಂದು ಹಿಂದಿನಿಂದ ತಬ್ಬಿಕೊಂಡಳು.

"ಅಜ್ಜಾ, ಸೀಟು ಸಿಕ್ತು! ಸೈನ್ಯದ ನರ್ಸಿಂಗ್ ಕಾಲೇಜಲ್ಲಿ! ಊಟ, ಹಾಸ್ಟೆಲ್ಲು, ಬಟ್ಟೆ, ಎಲ್ಲಾ ಅವರದೇ!"

ಸೌಟಣ್ಣನ ಕೈಯಲ್ಲಿದ್ದ ಪಾತ್ರೆ ಜಾರಿ ತೊಟ್ಟಿಗೆ ಬಿತ್ತು. ತಿರುಗಿ ಮಗಳ ಮುಖ ನೋಡಿದ. ಅವಳು ಗಲ್ಲಾಪೆಟ್ಟಿಗೆ ಒರೆಸುತ್ತಿದ್ದಳು, ಒರೆಸಿದ್ದನ್ನೇ ಒರೆಸುತ್ತಿದ್ದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೋದ ತಿಂಗಳೇ ಕ್ಷೇಮ ಕಚೇರಿಯೋರು ಬಂದು ಕೇಳಿದ್ರು. ನಿಂಗೆ ಹೇಳಿದ್ರೆ ಬೇಡ ಅಂತಿದ್ದೆ."

"ಯಾಕೆ ಕೊಟ್ರು ಅಂತ ಗೊತ್ತಾ?"

"ಗೊತ್ತು ಅಪ್ಪ. ನಾನೇನು ಹಾಲು ಕುಡಿಯೋ ಮಗುವಾ?" ಮಗಳ ದನಿ ಏರಿತು. "ಮೂರು ಕಡೆ ಅರ್ಜಿ ಹಾಕಿದ್ಲು, ಮೂರು ಕಡೆನೂ ಆಗ್ಲಿಲ್ಲ. ಇವಳೂ ನನ್ ಥರ ಎಂಜಲು ಲೋಟ ತೊಳ್ಕೊಂಡು ಇರ್ಬೇಕಾ? ಯಾರ ಕೈಯಿಂದ ಬಂದ್ರೇನು, ಓದು ಓದೇ."

ಗುಬ್ಬಿ ಇಬ್ಬರ ಮುಖವನ್ನೂ ನೋಡಿದಳು. ಅವಳ ನಗು ನಿಧಾನವಾಗಿ ಇಳಿಯಿತು. "ಅಂದ್ರೆ ನನ್ನ ಮಾರ್ಕ್ಸಿಗೆ ಬಂದಿದ್ದಲ್ವಾ ಇದು?"

ಸೌಟಣ್ಣ ತೊಟ್ಟಿಗೆ ಬಿದ್ದ ಪಾತ್ರೆ ಎತ್ತಿ ಮತ್ತೆ ಉಜ್ಜತೊಡಗಿದ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹುಡುಗಿ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಎದ್ದು ತಾನಾಗಿಯೇ ಬಂದು ಅಜ್ಜನ ಪಕ್ಕ ಕುಳಿತು, "ಹೋಗ್ತೀನಿ ಅಜ್ಜ. ಕಲ್ತಿದ್ದು ನಂದೇ ಅಲ್ವಾ? ಅದನ್ನ ಅವರು ವಾಪಸ್ ತಗೊಳಕ್ಕಾಗಲ್ಲ" ಎಂದಳು. ಅವನು ಅವಳ ತಲೆ ಸವರಿದ.

ಅವಳು ಹೋದಮೇಲೂ ಅವನು ಗುರುವಾರ ಫಲಕ ಹಿಡಿದು ನಿಂತ. ಸೀಟು ಕಿತ್ತುಕೊಂಡರೆ ಕಿತ್ತುಕೊಳ್ಳಲಿ ಎಂಬ ಹುಂಬ ಧೈರ್ಯ. ಆ ಮಧ್ಯಾಹ್ನ ಬೆಣ್ಣೆ ತಾನೇ ಕ್ಯಾಂಟೀನಿಗೆ ಬಂದು ಕುಳಿತ. ಇಸ್ತ್ರಿ ಮಾಡಿದ ಅಂಗಿ, ಸಣ್ಣ ದನಿ. ಚಹಾ ತರಿಸಿಕೊಂಡ.

"ನಿಮ್ಮ ಮೊಮ್ಮಗಳು ಚುರುಕು ಹುಡುಗಿ ಸೌಟಣ್ಣ. ಅಲ್ಲಿಯೋರೆಲ್ಲ ಹೊಗಳ್ತಾರೆ."

"ನಾನು ನಿಲ್ಲೋದು ಬಿಡಲ್ಲ ಸ್ವಾಮಿ. ಬೇಕಿದ್ರೆ ಅವಳನ್ನ ವಾಪಸ್ ಕಳಿಸ್ಬಿಡಿ."

ಬೆಣ್ಣೆಗೆ ನಿಜವಾಗಿ ನೋವಾದಂತೆ ಕಂಡಿತು. "ಛೆ ಛೆ, ಎಲ್ಲಾದ್ರೂ ಉಂಟೇ! ಸೇರಿದ ಮೇಲೆ ವಾಪಸ್ ಕಳಿಸೋ ಕ್ರಮ ಇಲ್ಲ. ಓದು ಮುಗಿದ್ಮೇಲೂ ಅಲ್ಲೇ ಸೇವೆ. ನೀವೇನೂ ಯೋಚನೆ ಮಾಡ್ಬೇಡಿ. ಅವಳನ್ನ ಎಲ್ಲಿಗೆ ಹಾಕ್ಬೇಕು, ಯಾವಾಗ ಹಾಕ್ಬೇಕು ಅನ್ನೋದನ್ನೆಲ್ಲ ನನ್ನ ಕೇಳಿಯೇ ಮಾಡ್ತಾರೆ. ನಮ್ಮ ಮನೆ ಮಗಳ ಹಾಗೆ ನೋಡ್ಕೋತೀನಿ." ಚಹಾ ಮುಗಿಸಿ, ಲೋಟವನ್ನು ತಾನೇ ಒಯ್ದು ತೊಟ್ಟಿಯಲ್ಲಿಟ್ಟು, ನಮಸ್ಕಾರ ಹೇಳಿ ಹೋದ.

ಸೌಟಣ್ಣ ತೊಟ್ಟಿಯಲ್ಲಿದ್ದ ಆ ಲೋಟವನ್ನೇ ನೋಡುತ್ತ ನಿಂತ. ಲಂಚವಾದರೆ ತಿರುಗಿಸಿ ಕೊಡಬಹುದು. ಇದು ಅವರು ಕೊಟ್ಟದ್ದಲ್ಲ, ಇಟ್ಟುಕೊಂಡದ್ದು.

ಅವನಿಂದ ಮುಂದಿನ ಗುರುವಾರ ಫಲಕ ಎತ್ತಲಾಗಲಿಲ್ಲ. ಮೈಯಲ್ಲಿ ಹುಷಾರಿಲ್ಲ ಎಂದು ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದ.

ಭಾನುವಾರ ಗುಬ್ಬಿಯ ಫೋನು. ಹಾಸ್ಟೆಲ್ಲಿನ ಪಡಸಾಲೆಯಲ್ಲಿ ಒಂದೇ ಫೋನು, ಪಕ್ಕದಲ್ಲೇ ವಾರ್ಡನ್ನು. ಅದಕ್ಕೇ ಹುಡುಗಿ ಊಟ ತಿಂಡಿ ಬಿಟ್ಟು ಬೇರೆ ಆಡುತ್ತಿರಲಿಲ್ಲ. ಆ ದಿನ ಮಾತ್ರ ದನಿ ತಗ್ಗಿಸಿದಳು. ವಾರ್ಡನ್ನು ಎಲ್ಲಿಗೋ ಎದ್ದು ಹೋಗಿರಬೇಕು.

"ಅಜ್ಜ, ಪಾಠ ಎಲ್ಲಾ ನಿಲ್ಲಿಸ್ಬಿಟ್ಟಿದಾರೆ. ಬೆಳಿಗ್ಗೆಯಿಂದ ಹಾಸಿಗೆ ಹಾಕೋದೇ ಕೆಲಸ."

"ಎಂಥ ಹಾಸಿಗೆ ಮಗಾ?"

"ಕಬ್ಬಿಣದ ಮಂಚ. ಆಟದ ಹಾಲ್ ತುಂಬ್ತು. ಪಕ್ಕದ ಶಾಲೆಗಳನ್ನೂ ಖಾಲಿ ಮಾಡ್ಸಿ ಅಲ್ಲೂ ಹಾಕಿಸ್ತಿದಾರೆ. ಕಣ್ಣು ಹಾಯಿಸಿದಷ್ಟು ದೂರ ಹಾಸಿಗೆನೇ. ಒಬ್ಬ ರೋಗಿನೂ ಇಲ್ಲ. ಕಂಬಳಿ ಎಲ್ಲಾ ಗಾಢ ಕಂದು ಬಣ್ಣ. ಯಾಕೆ ಅಂತ ಕೇಳಿದ್ದಕ್ಕೆ, ಕಲೆ ಕಾಣಲ್ಲ ಅಂದ್ರು." ಅವಳ ದನಿ ಇನ್ನೂ ತಗ್ಗಿತು. "ಅಜ್ಜ, ಗುರುವಾರ ಸಾಲಲ್ಲಿ ನಿಲ್ತಾರಲ್ಲ, ಅವರಿಗೆ ಗೊತ್ತಾ ಇದು?"

ಅಷ್ಟರಲ್ಲಿ ಅವಳ ದನಿ ಫಕ್ಕನೆ ಬದಲಾಯಿತು. "ಹೂಂ ಅಜ್ಜ, ಸಾರಿಗೆ ಉಪ್ಪೇ ಇರಲ್ಲ. ಇಡ್ತೀನಿ."

ಮಗಳು ಎದುರಿಗೇ ನಿಂತಿದ್ದಳು. ಸೌಟಣ್ಣನ ಮುಖದ ಬಣ್ಣ ನೋಡಿಯೇ ಕೆದಕಿ ಕೆದಕಿ ಎಲ್ಲ ಹೊರಡಿಸಿದಳು. ಕೇಳಿಯಾದ ಮೇಲೆ ಬಾಗಿಲು ಹಾಕಿ ಬಂದು ಅವನ ಎರಡೂ ಕೈ ಹಿಡಿದುಕೊಂಡಳು. "ಅಪ್ಪ, ಇದು ಈ ಗೋಡೆ ದಾಟ್ಬಾರ್ದು. ದಾಟಿದ್ರೆ ಯಾರಿಂದ ಬಂತು ಅಂತ ಅವರಿಗೆ ಗೊತ್ತಾಗೋಕೆ ಎಷ್ಟು ಹೊತ್ತು? ನನ್ನಾಣೆ."

ಮೂರು ದಿನ ಅವನು ಗೋಡೆ ದಾಟಿಸಲಿಲ್ಲ. ಒಲೆಯ ಮುಂದೆ ನಿಂತರೆ ಕಂದು ಕಂಬಳಿ, ಕಣ್ಣು ಮುಚ್ಚಿದರೆ ಖಾಲಿ ಮಂಚ. ಚಹಾಕ್ಕೆ ಉಪ್ಪು ಹಾಕಿಬಿಟ್ಟ. ಬುಧವಾರ ಮೇಷ್ಟ್ರಿಗೆ ಊಟ ಒಯ್ದವನು, ಬುತ್ತಿಯ ಮುಚ್ಚಳ ತೆಗೆಯುತ್ತ ತೆಗೆಯುತ್ತಲೇ ಹೇಳಿಬಿಟ್ಟ.

ಮೇಷ್ಟ್ರು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು. ಮಗನ ಪೆಟ್ಟಿಗೆ ಬಂದ ದಿನದಿಂದ ಅವರು ಆಡಿದ ಮೊದಲ ಉದ್ದ ಮಾತು ಅದು.

"ನನ್ನ ಮಗ ಇದೇ ಸಾಲಲ್ಲಿ ನಿಂತಿದ್ದ. ಆಗಲೂ ಯುದ್ಧ ಇಲ್ಲ ಅಂದಿದ್ರು. ಆಗಲೂ ಎಲ್ಲೋ ಹಾಸಿಗೆ ಹಾಕಿರ್ತಾರೆ ಸೌಟಣ್ಣ. ಯಾವುದೋ ಊರಲ್ಲಿ ಯಾವುದೋ ಅಜ್ಜನಿಗೆ ಗೊತ್ತಿದ್ದಿರುತ್ತೆ. ಅವನೂ ಮೊಮ್ಮಗಳನ್ನ ನೆನೆಸ್ಕೊಂಡು ಬಾಯಿ ಮುಚ್ಕೊಂಡಿರ್ತಾನೆ. ಅವನ ಮೇಲೆ ನಂಗೆ ಕೋಪ ಇಲ್ಲ."

ಸೌಟಣ್ಣ ತಲೆ ತಗ್ಗಿಸಿದ.

"ನೀನು ಹೇಳ್ಬೇಡ. ನಾಳೆ ಕ್ಯಾಂಟೀನು ತೆಗೀಬೇಡ. ಫಲಕ ಮಾತ್ರ ಇವತ್ತೇ ತಂದುಕೊಡು. ನಾನು ಹೇಳ್ತೀನಿ."

"ನಿಮ್ಮನ್ನ ಸುಮ್ನೆ ಬಿಡ್ತಾರಾ ಮೇಷ್ಟ್ರೇ?"

"ಬಿಡದೆ ಏನು ಮಾಡ್ತಾರೆ? ಅವರ ಹತ್ರ ನಂದು ಅಂತ ಇದ್ದದ್ದು ಆ ಪೆಟ್ಟಿಗೆ ಒಂದೇ. ಅದನ್ನ ಕೊಟ್ಟುಬಿಟ್ರಲ್ಲ. ಬೆಣ್ಣೆ ಬುದ್ಧಿವಂತ, ಆದ್ರೆ ನನ್ನ ಲೆಕ್ಕದಲ್ಲಿ ತಪ್ಪಿದ." ಎಂದು ತುತ್ತನ್ನು ಮತ್ತೆ ಕೈಗೆತ್ತಿಕೊಂಡು ತಟ್ಟೆ ಖಾಲಿ ಮಾಡಿದರು.

ಗುರುವಾರ ಸೌಟಣ್ಣ ಕ್ಯಾಂಟೀನಿನ ಒಳಗೆ, ಎಳೆದ ಷಟರಿನ ಹಿಂದೆ ಕುಳಿತಿದ್ದ. ತಗಡಿನ ಸಂದಿಯಿಂದ ರಸ್ತೆ ಕಾಣುತ್ತಿತ್ತು. ಬೀಗದ ಕೈ ಮಗಳ ಸೆರಗಿನ ಗಂಟಿನಲ್ಲಿತ್ತು.

ಮೇಷ್ಟ್ರು ಫಲಕ ಹಿಡಿದು ಬಂದು ಸಾಲಿನ ಬಾಲದಲ್ಲಲ್ಲ, ನಡುಮಧ್ಯದಲ್ಲಿ ನಿಂತರು. ಪಾಠ ಹೇಳುವ ದನಿ. ಇಷ್ಟು ದಿನದ ಮೌನದಿಂದ ಒರಟಾಗಿತ್ತು, ಆದರೂ ಈಚೆ ಬದಿಯವರೆಗೆ ಕೇಳುತ್ತಿತ್ತು. "ಮಕ್ಕಳೇ, ಆಸ್ಪತ್ರೆ ಕಾಲೇಜಲ್ಲಿ ಪಾಠ ನಿಲ್ಲಿಸಿ ಹಾಸಿಗೆ ಹಾಕಿಸ್ತಿದಾರೆ. ಶಾಲೆ ಖಾಲಿ ಮಾಡಿ ಹಾಕಿಸ್ತಿದಾರೆ. ಒಳಗೆ ಹೋದಾಗ ಒಂದು ಪ್ರಶ್ನೆ ಕೇಳಿ. ಯುದ್ಧ ಇಲ್ಲ ಅಂದ್ಮೇಲೆ ಆ ಹಾಸಿಗೆ ಯಾರಿಗೆ?"

ಸಾಲು ಅಲುಗಿತು. ಯಾರೋ ಒಬ್ಬ ಹುಡುಗಿ, "ಹೌದಾ?" ಎಂದಳು. ಮುಂದಿನವರು ಹಿಂದಿನವರಿಗೆ ದಾಟಿಸಿದರು. ಒಂದಿಬ್ಬರು ಬಾಗಿಲಿಗೇ ಹೋಗಿ ಕೇಳಿದರು. ಕೂಡಲೇ ಬಿಳಿ ಕಾರು ಬಂತು. ಬೆಣ್ಣೆ ಇಳಿದು, ಅವಸರವಿಲ್ಲದೆ ನಡೆದು ಬಂದು, ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿದ. ಫಲಕವನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿ, ಬೀಳದಂತೆ ಗೋಡೆಗೆ ಒರಗಿಸಿಟ್ಟ. "ಬನ್ನಿ ಮೇಷ್ಟ್ರೇ, ಬಿಸಿಲು ಬಹಳ ಇದೆ" ಎಂದದ್ದು ತುಟಿಯ ಚಲನೆಯಿಂದಲೇ ತಿಳಿಯುತ್ತಿತ್ತು. ಕಾರಿನ ಬಾಗಿಲು ಹಾಕಿ, ಸಾಲಿನ ಕಡೆ ತಿರುಗಿ ಕೈ ಮುಗಿದು, ದನಿ ಎತ್ತಿ ಹೇಳಿದ:

"ಮಗನ ಎಲುಬು ಬಂದ ದಿನದಿಂದ ಹಿರಿಯರಿಗೆ ಸ್ವಲ್ಪ ತಲೆ ಸರಿಯಿಲ್ಲ. ಆಸ್ಪತ್ರೆಗೆ ಕರ್ಕೊಂಡು ಹೋಗ್ತೀವಿ. ತಪ್ಪು ತಿಳೀಬೇಡಿ."

ಸಾಲಿನಲ್ಲಿ "ಪಾಪ" ಎಂಬ ಮಾತು ಓಡಿತು. ಅಲುಗಿದ್ದ ಸಾಲು ಮತ್ತೆ ನೆಟ್ಟಗಾಗತೊಡಗಿತು. ಒಬ್ಬ ನಕ್ಕ. ಕಾರು ಹೊರಟುಹೋಯಿತು.

ಸೌಟಣ್ಣ ಸಂದಿಯಿಂದ ಕಣ್ಣು ಕೀಳಲಿಲ್ಲ. ಪಕ್ಕದಲ್ಲಿ ಮಗಳು ಅದೇ ಸಂದಿಯಿಂದ ನೋಡುತ್ತಿದ್ದಳು. ಅವಳು ಎದ್ದು, ಸೆರಗಿನ ಗಂಟು ಬಿಚ್ಚಿದಾಗ, ಹಿಂಬಾಗಿಲಿಂದ ಮನೆಗೆ ಹೋಗೋಣ ಎನ್ನುತ್ತಾಳೆ ಎಂದುಕೊಂಡ. ಅವಳು ಬೀಗ ತೆಗೆದು ಷಟರನ್ನು ಒಂದೇ ಎಳೆತಕ್ಕೆ ಮೇಲಕ್ಕೆತ್ತಿದಳು.

"ಹೋಗಪ್ಪ."

"ಗುಬ್ಬಿ..."

"ಮೇಷ್ಟ್ರಿಗೆ ಹೇಳಿದ್ದು ಯಾರು ಅಂತ ಅವರಿಗೆ ಈಗಾಗಲೇ ಗೊತ್ತು. ಅವಳಿಗೆ ಆಗೋದು ಆಗೇ ಆಗುತ್ತೆ." ಅವಳು ಬಿಳಿ ಕಾರು ಹೋದ ದಿಕ್ಕಿಗೆ ನೋಡಿದಳು. "ಇದ್ದದ್ದನ್ನ ಹೇಳಿದೋರನ್ನ ಹುಚ್ಚ ಅಂತಿದಾರೆ. ಅವಳು ಹೇಳಿದ್ದೂ ಹುಚ್ಚು ಅಂತ ಆಗ್ಬೇಕಾ? ಹೋಗು, ನಾನೂ ಬರ್ತೀನಿ."

ಅವರಿಬ್ಬರೂ ರಸ್ತೆ ದಾಟಿದರು. ಸೌಟಣ್ಣ ಫಲಕ ಎತ್ತಿಕೊಂಡ. ಅವನಿಗೆ ಭಾಷಣ ಬರುತ್ತಿರಲಿಲ್ಲ. "ಆ ಮೇಷ್ಟ್ರಿಗೆ ತಲೆ ಸರಿಯಾಗೇ ಇದೆ" ಎಂದ.

"ಹಾಗಾದ್ರೆ ಹಾಸಿಗೆ ಹಾಕ್ತಿರೋದು ನಿಮಗೆ ಹೇಗೆ ಗೊತ್ತು?" ಎತ್ತರದ ಹುಡುಗನೊಬ್ಬ ಸವಾಲು ಹಾಕುವಂತೆ ಕೇಳಿದ.

ಸೌಟಣ್ಣ ಮಗಳತ್ತ ನೋಡಿದ. ಅವಳು ನೆಲ ನೋಡುತ್ತ ಹೂಂ ಎನ್ನುವಂತೆ ತಲೆಯಾಡಿಸಿದಳು.

"ಹಾಕ್ತಿರೋಳು ನನ್ನ ಮೊಮ್ಮಗಳು. ನಿನ್ನಷ್ಟೇ ವಯಸ್ಸು. ಕಂದು ಕಂಬಳಿ ಹಾಸ್ತಿದಾಳೆ, ಕಲೆ ಕಾಣ್ಬಾರ್ದು ಅಂತ. ಇದನ್ನ ನಿಂಗೆ ಹೇಳಿದ್ದಕ್ಕೆ ಅವಳಿಗೆ ಏನು ಮಾಡ್ತಾರೋ ನಂಗೆ ಗೊತ್ತಿಲ್ಲಪ್ಪ. ಸುಳ್ಳಾಗಿದ್ರೆ ನಾನ್ಯಾಕೆ ಹೇಳ್ಲಿ?"

ಎತ್ತರದ ಹುಡುಗ ಸಾಲಿನಿಂದ ಹೊರಬಂದು, ಹಿಂದಿರುಗಿ ನೋಡದೆ ನಡೆದುಹೋದ. ಅವನ ಹಿಂದೆ ಅಕ್ಕತಂಗಿಯರಂತೆ ಕಂಡ ಇಬ್ಬರು. ಆಮೇಲೆ ಇನ್ನು ಕೆಲವರು. ಮಿಕ್ಕವರು ಕಣ್ಣು ತಪ್ಪಿಸಿ ಮುಂದಕ್ಕೆ ಸರಿದರು. ಖಾಲಿಯಾದ ಜಾಗ ಬೇಗನೆ ತುಂಬಿಕೊಂಡಿತು.

ಕ್ಯಾಂಟೀನಿಗೆ ಯಾರೂ ಏನೂ ಮಾಡಲಿಲ್ಲ. ಮೇಷ್ಟ್ರು ಸೈನ್ಯದ ಆಸ್ಪತ್ರೆಯಲ್ಲಿ ವಿಶ್ರಾಂತಿಯಲ್ಲಿದ್ದಾರೆ, ನೋಡಲು ಬಿಡುವುದಿಲ್ಲ ಎಂಬ ಉತ್ತರ ಸಿಕ್ಕಿತು. ನದಿಯೂರಿನಿಂದ ನರ್ಸಮ್ಮ ಎರಡು ಬಸ್ಸು ಹಿಡಿದು ಬಂದು, ಆ ಆಸ್ಪತ್ರೆಯ ಬಾಗಿಲಲ್ಲಿ ಬೆಳಗಿಂದ ಸಂಜೆವರೆಗೆ ಕೂತಳು. ಒಂದು ಕಾಲಕ್ಕೆ ತನ್ನ ಕೈಕೆಳಗೆ ದುಡಿದವರೇ ಅವಳಿಗೆ ನೀರು ತಂದು ಕೊಟ್ಟರು. ಒಳಗೆ ಮಾತ್ರ ಬಿಡಲಿಲ್ಲ. ಅವಳು ವಾಪಸು ಊರಿಗೆ ಹೋಗಲಿಲ್ಲ. ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿ ಹಾಸಿಗೆ ಬಿಡಿಸಿಕೊಂಡಳು.

ಆ ವಾರ ಕಳೆಯುವುದರೊಳಗೆ ರೇಡಿಯೋದಲ್ಲಿ ಯುದ್ಧ ಘೋಷಣೆಯಾಯಿತು. ಭಾನುವಾರ ಫೋನು ಬರಲಿಲ್ಲ. ಮಗಳು ಫೋನಿನ ಎದುರಿಗೆ ಕುರ್ಚಿ ಹಾಕಿಕೊಂಡು ಇಡೀ ದಿನ ಅವರೆಕಾಳು ಗಾತ್ರದ ಕಣ್ಣೀರ ಹನಿ ಸುರಿಸುತ್ತ ಕೂತಳು. ಬಂದದ್ದು ಮಂಗಳವಾರ, ನಡುಮಧ್ಯಾಹ್ನ.

"ಅಜ್ಜ, ಗಡಿ ಆಸ್ಪತ್ರೆಗೆ ಹೊರಟಿದೀವಿ. ಲಾರಿ ಹತ್ತೋ ಮುಂಚೆ ಎರಡು ನಿಮಿಷ ಕೊಟ್ಟಿದಾರೆ."

"ನಿಂದಿನ್ನೂ ಓದು ಶುರುವಾಗಿದ್ದಷ್ಟೇ ಅಲ್ವೇ ಮಗಾ?"

"ಮೊದಲನೇ ವರ್ಷದವರಲ್ಲಿ ನನ್ನೊಬ್ಬಳನ್ನೇ ಆರಿಸಿರೋದು." ದನಿಯಲ್ಲಿ ಅಳುವಿರಲಿಲ್ಲ. "ನೀನು ಹೇಳಿದ್ಯಾ?"

"ಹೇಳ್ದೆ ಕಣೇ. ನಿಮ್ಮಮ್ಮನೂ ಇದ್ಲು."

"ಯಾರಾದ್ರೂ ಮನೆಗೆ ಹೋದ್ರಾ?"

"ಹೋದ್ರು. ಬಹಳ ಜನ ಅಲ್ಲ. ಒಂದಷ್ಟು ಜನ ಹೋದ್ರು."

ಆ ಕಡೆಯಿಂದ ಲಾರಿಯ ಎಂಜಿನ್ನಿನ ಸದ್ದು, ಯಾರೋ ಹೆಸರು ಕೂಗುವ ಸದ್ದು. "ಸರಿ ಬಿಡು" ಎಂದಳು ಗುಬ್ಬಿ. "ನೀನು ಹೇಳ್ಲಿ ಅಂತಾನೇ ನಾನು ಹೇಳಿದ್ದು ಅಜ್ಜ. ನೀನು ಅದನ್ನೇ ತಲೆಗೆ ಹಚ್ಕೊಂಡು ಕೂರ್ಬೇಡ."

ಮಗಳು ಫೋನನ್ನು ಅವನ ಕೈಯಿಂದ ಕಿತ್ತುಕೊಂಡಳು. "ಸ್ವೆಟರ್ ಇದ್ಯೇನೇ? ಅಲ್ಲಿ ಚಳಿಯಂತೆ. ಕಾಲುಚೀಲ ಎರಡೆರಡು ಹಾಕ್ಕೋ. ಕೇಳಿಸ್ತಾ? ಹಲೋ? ಗುಬ್ಬಿ?" ಲೈನು ಸತ್ತುಹೋಗಿತ್ತು. ಅವಳು ಮಾತ್ರ ಇನ್ನೂ ಸ್ವಲ್ಪ ಹೊತ್ತು, ತಲೆಗೆ ಬಟ್ಟೆ ಕಟ್ಟಿಕೋ, ತಣ್ಣೀರು ಕುಡಿಯಬೇಡ ಎಂದು ಅದಕ್ಕೇ ಹೇಳುತ್ತಿದ್ದಳು. ನರ್ಸಮ್ಮ ಬಂದು ಫೋನನ್ನು ಅವಳ ಕೈಯಿಂದ ತೆಗೆದಿಟ್ಟಳು.

ಹೊರಗೆ ರಸ್ತೆಯಲ್ಲಿ ಲಾರಿಗಳು ಹೋಗತೊಡಗಿದ್ದವು. ಹಿಂದಿನ ಪರದೆ ಇಳಿಬಿಟ್ಟಿದ್ದರಿಂದ ಒಳಗೆ ಜನರಿದ್ದಾರೋ ಸಾಮಾನಿದೆಯೋ ತಿಳಿಯುತ್ತಿರಲಿಲ್ಲ. ಒಂದರ ಹಿಂದೆ ಒಂದು, ಸಂಜೆಯಾದರೂ ಮುಗಿಯಲಿಲ್ಲ. ಬೆಂಚು ನಡುಗುತ್ತಿತ್ತು, ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸೌಟಣ್ಣ ಅವುಗಳನ್ನು ಒಂದೊಂದಾಗಿ ಇಳಿಸಿ, ಒಡೆಯದಿರಲೆಂದು ನೆಲದ ಮೇಲೆ ಜೋಡಿಸುತ್ತ ಕುಳಿತ.